ಪ್ರವೇಶದ ಕೊಂಡಿ ಮತ್ತು ಅದರ ರದ್ದಿಯಾತಿ

ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಓದಿದವರಿಗೆ ಅಮಾತ್ಯ ರಾಕ್ಷಸನ ಮುದ್ರೆಯುಂಗುರದ ಪ್ರಸಂಗ ನೆನಪಿರಬೇಕು. ಉಂಗುರವು ಚಾಣಕ್ಯನ ಕೈಸೇರಿತು. ಅದರ ಮುದ್ರೆಯನ್ನು ಹೊತ್ತ ಕೂಟಲೇಖವನ್ನು ಮಲಯಕೇತು ನಂಬಿದನು. ರಾಕ್ಷಸನು ಕಟ್ಟಿದ ಮೈತ್ರಿಯೇ ಮುರಿದುಬಿದ್ದಿತು. ಒತ್ತಿದ ಕೈ ಯಾರದೆಂಬುದನ್ನು ಮುದ್ರೆಯು ಹೇಳಲಾರದು. ಉಂಗುರ ಕೈತಪ್ಪಿದ ಮೇಲೆ ‘ಈ ಮುದ್ರೆ ಇನ್ನು ಸಲ್ಲದು’ ಎಂದು ಸಾರುವ ಏರ್ಪಾಡಂತೂ ನಾಟಕದಲ್ಲಿ ಕಾಣುವುದಿಲ್ಲ. ಇಂದು ಗಣಕಯಂತ್ರಗಳ ಲೋಕದಲ್ಲಿ ಅಂಥ ಏರ್ಪಾಡು ಉಂಟು. ಅದನ್ನು ನಡೆಸುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಏಜೆಂಟರಿಗೆ ಒಪ್ಪಿಸುವ ಪದ್ಧತಿಯೂ ಮೊದಲಾಗಿದೆ. ಇದರ ಸ್ವರೂಪವನ್ನು ತುಸು ಪರಿಶೀಲಿಸುವುದು ನಮ್ಮ ಉದ್ದೇಶ.

ಲಾಗಿನ್ ಲಿಂಕ್ ಎಂದು ರೂಢಿಯಲ್ಲಿರುವ ಪ್ರವೇಶದ ಕೊಂಡಿಯನ್ನು ನಮ್ಮಲ್ಲಿ ಅನೇಕರು ಬಳಸಿಯೇ ಇದ್ದೇವೆ. ಗುಪ್ತಪದವನ್ನು ಕೇಳುವ ಬದಲು ಸರ್ವರ್ ಯಂತ್ರವು ಊಹಿಸಲಸಾಧ್ಯವಾದ ಉದ್ದನೆಯ ಅಕ್ಷರಮಾಲೆಯೊಂದನ್ನು ಸೃಷ್ಟಿಸಿ, ಅದನ್ನು ಕೊಂಡಿಯಲ್ಲಿ ಅಡಕಮಾಡಿ ಬಳಕೆದಾರನಿಗೆ ತಲಪಿಸುತ್ತದೆ. ಅದು ಯಾರದು, ಎಂದಿನವರೆಗೆ ಸಲ್ಲುವುದು, ಈಗಿನ ಸ್ಥಿತಿಯೇನು ಎಂಬ ವಿವರಗಳು ಸರ್ವರಿನ ದಫ್ತರದಲ್ಲಿ ಉಳಿಯುತ್ತವೆ. ಕೊಂಡಿಯನ್ನು ಒತ್ತಿದವನು ಒಳಬರುತ್ತಾನೆ. ಧಾರಕನಿಗೆ ಹಣ ಕೊಡತಕ್ಕದ್ದೆಂದು ಬರೆದ ಚೆಕ್ಕಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಒಮ್ಮೆ ಕಳುಹಿಸಿದ ಕೊಂಡಿಯನ್ನು ಮತ್ತೊಬ್ಬರ ಅಂಚೆಪೆಟ್ಟಿಗೆಯಿಂದ ಹಿಂದಕ್ಕೆ ತರಲಾಗದು. ರದ್ದಿಯಾತಿಯು ನಡೆಯುವುದು ದಫ್ತರದಲ್ಲಿ. ಕ್ಲರ್ಕ್ ಎಂಬ ಸೇವೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಆಡಳಿತಗಾರನು ಬಳಕೆದಾರನಿಗಾಗಿ ಸೃಷ್ಟಿಸುವ ಪ್ರವೇಶದ ಟೋಕನ್ನು, ಬೇರೆ ಅವಧಿಯನ್ನು ನಿಗದಿಮಾಡದಿದ್ದರೆ, 30 ದಿನ ಸಲ್ಲುತ್ತದೆ. ಬಳಕೆಯನ್ನು ಕಾದಿರುವುದು, ಬಳಕೆಯಾದುದು, ರದ್ದಾದುದು ಎಂಬ ಸ್ಥಿತಿಗಳು ಅದಕ್ಕುಂಟು. ರದ್ದುಮಾಡಲು ಬರುವುದು ಕಾದಿರುವುದನ್ನು ಮಾತ್ರ. 2015ರಲ್ಲಿ ಪ್ರಮಾಣೀಕೃತವಾದ ಜೆಡಬ್ಲ್ಯುಟಿಯಂಥ ಸ್ವಯಂಪೂರ್ಣ ಟೋಕನ್ನುಗಳ ವಿಚಾರ ಬೇರೆ. ಅವನ್ನು ದಫ್ತರ ನೋಡದೆ, ಸಹಿಯನ್ನು ಮಾತ್ರ ಪರೀಕ್ಷಿಸಿ ಒಪ್ಪಬಹುದಾದುದರಿಂದ, ಅವಧಿಗೆ ಮುಂಚೆ ನಿಲ್ಲಿಸಬೇಕಾದರೆ ನಿಷೇಧಿತವಾದವುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಇಡಬೇಕಾಗುತ್ತದೆ.

ಈಗ ಏಜೆಂಟನ ವಿಷಯ. ಭಾಷಾ ಮಾದರಿಯು ತಾನೇ ಏನನ್ನೂ ರದ್ದುಮಾಡುವುದಿಲ್ಲ. ಉಪಕರಣವೊಂದರ ಹೆಸರು, ವಿವರಣೆ, ಅದಕ್ಕೆ ಬೇಕಾದ ಮಾಹಿತಿ ಇವಿಷ್ಟನ್ನು ಓದಿ, ‘ಇಂಥದನ್ನು ನಡೆಸಿರಿ’ ಎಂಬ ಕೋರಿಕೆಯನ್ನು ಬರೆಯುತ್ತದೆ. ನಡೆಸುವುದು ಬೇರೊಂದು ತಂತ್ರಾಂಶ. ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಇಂಥ ಕೊಡುಕೊಳ್ಳುವಿಕೆಗೆ ಒಂದು ಸಾಮಾನ್ಯ ರೀತಿಯನ್ನು ಒದಗಿಸಿತು. ರದ್ದಿಯಾತಿಯ ಉಪಕರಣಕ್ಕೆ ಬೇಕಾಗುವುದು ಟೋಕನ್ನಿನ ಗುರುತಿನ ಸಂಖ್ಯೆಯೇ ಹೊರತು ಅದರೊಳಗಿನ ರಹಸ್ಯವಲ್ಲ. ಆದಕಾರಣ ಬಾಗಿಲಿಗೆ ಅಗುಳಿ ಹಾಕುವವನ ಕೈಗೆ ಬೀಗದ ಕೈ ಕೊಡಬೇಕಾದುದಿಲ್ಲ. ತತ್ತ್ವವೇನೋ ಸೊಗಸಾಗಿದೆ, ಆದರೆ ಉಪಕರಣವು ಬಳಸುವ ಆಡಳಿತದ ಕೀಲಿಗೆ ಹೊಸ ಕೊಂಡಿಗಳನ್ನು ಸೃಷ್ಟಿಸುವ ಅಧಿಕಾರವೂ ಇದ್ದರೆ ಈ ಲಾಭವೆಲ್ಲ ನಷ್ಟವಾದಂತೆಯೇ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಸಂಶೋಧನ ಸಹಾಯಕನೊಬ್ಬನ ಕೆಲಸ ಮುಗಿಯಿತೆಂದೂ, ‘ಅವರ ಪ್ರವೇಶದ ಕೊಂಡಿಯನ್ನು ರದ್ದುಮಾಡು’ ಎಂದು ವಿಭಾಗದ ಮುಖ್ಯಸ್ಥರು ಏಜೆಂಟನಿಗೆ ಹೇಳಿದರೆಂದೂ ಇಟ್ಟುಕೊಳ್ಳೋಣ. ಸಹಾಯಕನು ಹಿಂದಿನ ದಿನವೇ ಕೊಂಡಿಯನ್ನು ಬಳಸಿ ಒಳಬಂದಿದ್ದರೆ, ಸೆಷನ್ ಎಂದು ಕರೆಯುವ ಪ್ರವೇಶಾವಧಿಯೊಂದು ಅವನ ಹೆಸರಿನಲ್ಲಿ ತೆರೆದಿರುತ್ತದೆ. ಬಳಕೆಯಾದ ಕೊಂಡಿಯನ್ನು ರದ್ದುಮಾಡಲು ಬಾರದು. ಬಂದಿದ್ದರೂ ಸೆಷನ್ನು ಅದರಿಂದ ಮುಗಿಯುವುದಿಲ್ಲ. ಅದನ್ನು ಬೇರೆಯಾಗಿಯೇ ರದ್ದುಮಾಡಬೇಕು. ‘ಆ ಕೊಂಡಿ ಇನ್ನು ಸಲ್ಲುವುದಿಲ್ಲ’ ಎಂದು ಏಜೆಂಟನು ವರದಿ ಮಾಡಬಹುದು. ಮಾತು ನಿಜ. ‘ಅವನಿನ್ನು ಒಳಗೆ ಬರಲಾರ’ ಎಂದು ಮುಖ್ಯಸ್ಥರು ತಿಳಿಯುತ್ತಾರೆ. ಅದು ಸುಳ್ಳು. ಉಪಕರಣದ ವಿವರಣೆಯಲ್ಲಿಯೇ ಈ ಭೇದವನ್ನು ಸ್ಪಷ್ಟವಾಗಿ ಬರೆದಿರಬೇಕೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಏಜೆಂಟನು ಓದುವ ಕೈಪಿಡಿ ಬಹುಮಟ್ಟಿಗೆ ಅದೊಂದೇ.

ಒಂದೇ ಹೆಸರಿನ ಇಬ್ಬರಲ್ಲಿ ತಪ್ಪಾದವರ ಕೊಂಡಿ ರದ್ದಾದರೆ ಅದನ್ನು ಮತ್ತೆ ಜೀವಂತಗೊಳಿಸಲಾಗದು, ಹೊಸದನ್ನೇ ಕೊಡಬೇಕು. ಪ್ರೋಟೊಕಾಲಿನ 2025ರ ಮಾರ್ಚ್ ಆವೃತ್ತಿಯಲ್ಲಿ, ಉಪಕರಣವು ವಿನಾಶಕಾರಿಯೇ, ಮತ್ತೆ ನಡೆಸಿದರೆ ಪರಿಣಾಮ ಬದಲಾಗುವುದೇ ಎಂಬುದನ್ನು ಸೂಚಿಸುವ ಟಿಪ್ಪಣಿಗಳು ಸೇರಿದವು. ಅವು ಸೂಚನೆಗಳಷ್ಟೆ. ನಂಬಲರ್ಹವಾದ ಸರ್ವರಿನಿಂದ ಬಂದುದಲ್ಲದಿದ್ದರೆ ಅವನ್ನು ನಂಬಬಾರದೆಂದು ಅದೇ ನಿಯಮಾವಳಿ ವಿಧಿಸುತ್ತದೆ; ಉಪಕರಣದ ಪ್ರಯೋಗವನ್ನು ನಿರಾಕರಿಸುವ ಅವಕಾಶ ಮನುಷ್ಯನಿಗೆ ಇರಬೇಕೆಂದೂ ಹೇಳುತ್ತದೆ.

ಇತಿಹಾಸದ ಅಧ್ಯಾಪಕರಾದ ನಮ್ಮನ್ನು ಹೆಚ್ಚಾಗಿ ಕಾಡುವುದು ದಾಖಲೆಯ ಪ್ರಶ್ನೆ. ನಮ್ಮ ಶಿಲಾಶಾಸನಗಳಲ್ಲಿ ದತ್ತಿ ಕೊಟ್ಟವನಲ್ಲದೆ ಬರೆದವನ, ಕಂಡರಿಸಿದವನ ಹೆಸರುಗಳೂ ಅನೇಕ ವೇಳೆ ಬೇರೆಬೇರೆಯಾಗಿ ದೊರೆಯುತ್ತವೆ. ಏಜೆಂಟನ ಮೂಲಕ ನಡೆದ ರದ್ದಿಯಾತಿಯಲ್ಲಿ ಸರ್ವರಿಗೆ ಕಾಣುವುದು ಕೀಲಿಯೊಂದೇ ಆಗಿರಬಹುದು. ಅದೇ ಕೀಲಿಯನ್ನು ಐವರು ಬಳಸುತ್ತಿದ್ದರೆ, ಆಜ್ಞೆ ಯಾರದು, ಏಜೆಂಟನು ಅದನ್ನು ಹೇಗೆ ಅರ್ಥಮಾಡಿಕೊಂಡನು ಎಂಬುದು ಆರು ತಿಂಗಳ ಅನಂತರ ತಿಳಿಯುವಂತಿಲ್ಲ. ಆದುದರಿಂದ ಆಜ್ಞೆಯಿತ್ತವರ ಹೆಸರು, ಅವರ ಮೂಲ ವಾಕ್ಯ, ಏಜೆಂಟನು ಬರೆದ ಕೋರಿಕೆ, ಸರ್ವರಿನ ಉತ್ತರ ಈ ನಾಲ್ಕನ್ನೂ ಕಾಲಸಹಿತವಾಗಿ ಏಜೆಂಟನನ್ನು ನಡೆಸುವ ತಂತ್ರಾಂಶವೇ ಬರೆದಿಡಬೇಕು. ಆ ಬರಹವನ್ನು ತಿದ್ದುವ ಅಧಿಕಾರ ಏಜೆಂಟನಿಗೆ ಇರಕೂಡದು.