ಮೂರು ಸೆಕೆಂಡು ಕಾಯುವ ವಿದ್ಯೆ

ಗೋಡೆಯ ಮೇಲೆ ಹಕ್ಕಿಗಳ ಚಾರ್ಟು. ಟೀಚರ್ ಕಡ್ಡಿಯ ತುದಿಯನ್ನು ಒಂದು ಚಿತ್ರದ ಮೇಲಿಟ್ಟು ‘ಇದ್ಯಾವ ಹಕ್ಕಿ?’ ಎನ್ನುತ್ತಾರೆ. ಚಾಪೆಯ ಮೇಲೆ ಕೂತ ಮಕ್ಕಳಲ್ಲಿ ಒಬ್ಬ ಬಾಯಿ ತೆರೆಯುವಷ್ಟರಲ್ಲಿ ಅವರೇ ‘ಗುಬ್ಬಿ’ ಎಂದುಬಿಡುತ್ತಾರೆ. ಮಕ್ಕಳೆಲ್ಲ ‘ಗುಬ್ಬೀ…’ ಎಂದು ಒಟ್ಟಿಗೆ ರಾಗ ಎಳೆಯುತ್ತಾರೆ. ಕಡ್ಡಿ ಮುಂದಿನ ಹಕ್ಕಿಗೆ ಸರಿಯುತ್ತದೆ. ಅಂಗನವಾಡಿಯಲ್ಲಷ್ಟೇ ಅಲ್ಲ, ಸಾವಿರಗಟ್ಟಲೆ ಫೀ ಕಟ್ಟಿಸಿಕೊಳ್ಳುವ ನರ್ಸರಿಗಳಲ್ಲೂ ಇದು ಅಪರೂಪದ ದೃಶ್ಯವೇನಲ್ಲ.

ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠಗಳ ಧ್ವನಿಮುದ್ರಣಗಳನ್ನು ಕೇಳುತ್ತ ಕೂತರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರೆ, ಸರಾಸರಿ ಒಂದು ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಬಾಯಿಬಿಡದ ಮಕ್ಕಳೂ ಮಾತಾಡತೊಡಗಿದರು, ತಾವೇ ಪ್ರಶ್ನೆ ಕೇಳಿದರು. ಅವು ಶಾಲೆಗೆ ಹೋಗುವ ಮಕ್ಕಳ ತರಗತಿಗಳು. ಇನ್ನೂ ಪದ ಹುಡುಕಿ ಜೋಡಿಸುತ್ತಿರುವ ನಾಲ್ಕು ವರ್ಷದ ಕೂಸಿಗೆ ಮೂರು ಸೆಕೆಂಡೂ ಸಾಲದು.

‘ಪ್ರಶ್ನೆ ಕೇಳಿ, ಮೂರು ಸೆಕೆಂಡು ಸುಮ್ಮನಿರಿ’ ಎಂದು ಹೇಳಲು ಅರ್ಧ ನಿಮಿಷ ಸಾಕು. ಕೇಳಿದವರು ತಲೆಯಾಡಿಸುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಮರುದಿನ ಇಪ್ಪತ್ತು ಮಕ್ಕಳ ಎದುರು ನಿಂತಾಗ ಆ ಮೌನವನ್ನು ತಡೆದುಕೊಳ್ಳಲು ಮಾತ್ರ ಆಗುವುದಿಲ್ಲ. ಗೊತ್ತಿರುವುದಕ್ಕೂ ಕೈಗೆ ಬರುವುದಕ್ಕೂ ನಡುವೆ ಹೀಗೊಂದು ಹಳ್ಳವಿದೆ. ಪುಟ್ಟ ಮಕ್ಕಳ ಶಿಕ್ಷಕಿಯರಿಗೆ ಕೊಡುವ ಆನ್‌ಲೈನ್ ತರಬೇತಿ ಆ ಹಳ್ಳವನ್ನು ದಾಟಿಸುತ್ತದೆಯೇ, ದಡದಲ್ಲೇ ನಿಲ್ಲಿಸಿ ಸರ್ಟಿಫಿಕೇಟ್ ಕೊಡುತ್ತದೆಯೇ ಎಂಬುದು ಈ ಅಧ್ಯಾಯದ ವಿಚಾರ.

ದೂರದಿಂದ ತರಬೇತಿ ಕೊಡುವುದು ನಮ್ಮಲ್ಲಿ ಮೊಬೈಲಿನ ಜೊತೆ ಹುಟ್ಟಿದ್ದಲ್ಲ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ಶುರುವಾಯಿತು. ನಾಸಾದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಉಪಗ್ರಹ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು, ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಲ್ಲಿ ಮಾಡಿದ ಆಂಟೆನಾಗಳು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ ಕನ್ನಡದ ಕಾರ್ಯಕ್ರಮ ಬರುತ್ತಿತ್ತು. ಇದಾದ ಎರಡೇ ತಿಂಗಳಿಗೆ, ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು, ಲೆಕ್ಕಕ್ಕೆ ನೂರು, ತೆರೆದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಪರದೆ ಮತ್ತು ಅಂಗನವಾಡಿ, ಎರಡೂ ಒಂದೇ ವರ್ಷದ ಮಕ್ಕಳು. ಅವು ಒಂದನ್ನೊಂದು ನಿಜವಾಗಿ ಭೇಟಿಯಾಗಲು ನಲವತ್ತು ವರ್ಷ ಬೇಕಾಯಿತು.

ಸೈಟ್ ಮಾಡಿದ ಒಂದು ಕೆಲಸವನ್ನು ಈಗ ಯಾರೂ ನೆನೆಯುವುದಿಲ್ಲ. ಶಾಲೆಗೆ ರಜೆಯಿದ್ದ ದಿನಗಳಲ್ಲಿ ಆ ಹಳ್ಳಿಗಳ ಟಿವಿಯ ಮುಂದೆ ಪ್ರಾಥಮಿಕ ಶಾಲಾ ಶಿಕ್ಷಕರನ್ನು ಕೂಡಿಸಿ ವಿಜ್ಞಾನ ಕಲಿಸುವ ತರಬೇತಿ ಕೊಟ್ಟರು. ಎರಡು ಸುತ್ತಿನಲ್ಲಿ ಹತ್ತಿರ ಹತ್ತಿರ 50 ಸಾವಿರ ಮಂದಿ. ಆದರೆ ಟಿವಿ ಒಂದನ್ನೇ ನಂಬಲಿಲ್ಲ. ರೇಡಿಯೊ ಪಾಠವಿತ್ತು, ಮಾಡಿ ನೋಡಲು ಅಚ್ಚಾದ ಚಟುವಟಿಕೆಗಳಿದ್ದವು, ಪ್ರತಿ ಕೇಂದ್ರದಲ್ಲೂ ಮೊದಲೇ ತಯಾರಾದ ಒಬ್ಬ ಶಿಕ್ಷಕರು ಪಕ್ಕದಲ್ಲಿ ನಿಂತು ಮಾಡಿಸುತ್ತಿದ್ದರು. ಕಾರ್ಯಕ್ರಮ ಮುಗಿದು ಟಿವಿ ಆರಿಸಿದ ಮೇಲೆಯೇ ಅಸಲಿ ಕೆಲಸ ಶುರು. ಐವತ್ತು ವರ್ಷಗಳ ಹಿಂದೆ ಇಷ್ಟು ಗೊತ್ತಿದ್ದದ್ದನ್ನು ಈಗಿನ ಆ್ಯಪ್‌ಗಳು ಹೇಗೆ ಮರೆತವೋ! ಮೈಸೂರಿನ ಅಬ್ದುಲ್ ನಜೀರ್‌ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಸ್ಯಾಟ್‌ಕಾಂ ಸ್ಟುಡಿಯೊ ಕೂಡ ಪಂಚಾಯಿತಿ ಸದಸ್ಯರಿಗೆ ಪಾಠ ಹೇಳಿದ್ದು ಹೀಗೆಯೇ: ತೆರೆಯ ಮೇಲೆ ಪಾಠ, ತಾಲ್ಲೂಕಿನ ಸಭಾಂಗಣದಲ್ಲಿ ಸಂಪನ್ಮೂಲ ವ್ಯಕ್ತಿಯ ಜೊತೆ ಚರ್ಚೆ.

ಅಂಗನವಾಡಿಯ ತರಬೇತಿ ಬಹುಕಾಲ ಇಂಥ ದೂರದ ಪಾಠಗಳ ಹೊರಗೇ ಉಳಿಯಿತು. ಆಯ್ಕೆಯಾದ ಕಾರ್ಯಕರ್ತೆ ಮನೆ, ಮಕ್ಕಳನ್ನು ಬಿಟ್ಟು ತರಬೇತಿ ಕೇಂದ್ರದಲ್ಲಿ ತಿಂಗಳುಗಟ್ಟಲೆ ಉಳಿಯಬೇಕಿತ್ತು. ಅಲ್ಲಿ ಹಾಡು, ಗೊಂಬೆ ಮಾಡುವುದು, ತೂಕ ಹಾಕಿ ಗುರುತು ಮಾಡುವುದು, ರಿಜಿಸ್ಟರ್ ಬರೆಯುವುದು ಎಲ್ಲ ಕಲಿಯುತ್ತಿದ್ದರು. ಆಮೇಲೆ ಕೆಲವು ವರ್ಷಗಳಿಗೊಮ್ಮೆ ಒಂದು ವಾರದೊಳಗಿನ ಪುನಶ್ಚೇತನ. ಈ ವ್ಯವಸ್ಥೆಯ ತಲೆಯಲ್ಲಿ ಇದ್ದದ್ದು ದೆಹಲಿಯ ನಿಪ್ಸಿಡ್ ಸಂಸ್ಥೆ, ನಮಗೆ ಅದರ ಬೆಂಗಳೂರು ಕೇಂದ್ರ. ಅಲ್ಲಿ ತರಬೇತುದಾರರಿಗೆ ಹೇಳಿದ್ದು ಅಧಿಕಾರಿಗಳಿಗೆ, ಅಲ್ಲಿಂದ ಮೇಲ್ವಿಚಾರಕಿಯರಿಗೆ, ಅವರಿಂದ ಕಾರ್ಯಕರ್ತೆಯರಿಗೆ ಇಳಿಯಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ, ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬರುತ್ತದೆ, ನೀರು ಬರುವುದಿಲ್ಲ. ತರಬೇತಿಯ ಕಾಲುವೆಯೂ ಅಷ್ಟೇ. ಮೇಲ್ಗಡೆ ಐದು ದಿನ ಮಾಡಿಸಿ ತೋರಿಸಿದ್ದು ಕೆಳಗೆ ಬರುವಷ್ಟರಲ್ಲಿ ಒಂದು ಮಧ್ಯಾಹ್ನದ ಭಾಷಣವಾಗಿರುತ್ತದೆ.

ಫೋನಿನ ಮೇಲೆ ಆಸೆ ಹುಟ್ಟಿದ್ದು ಇಲ್ಲಿ. ದೆಹಲಿಯಲ್ಲಿ ತೆಗೆದ ವಿಡಿಯೊ ದೇವದುರ್ಗದ ತಾಂಡಾದಲ್ಲೂ ಅದೇ ವಿಡಿಯೊ, ದಾರಿಯಲ್ಲಿ ಇಂಗುವುದಿಲ್ಲ. 2018ರಲ್ಲಿ ಪೋಷಣ್ ಅಭಿಯಾನ ಬಂದಾಗ ಕೆಲಸವನ್ನು 21 ಮಾಡ್ಯೂಲುಗಳಾಗಿ ಸೀಳಿ, ಒಮ್ಮೆಗೆ ಒಂದನ್ನೇ ಕಲಿತು ಮಾಡಿ ನೋಡುವ ಕ್ರಮ ತಂದರು. ಅದನ್ನೇ ಆನ್‌ಲೈನಿನಲ್ಲೂ ಇಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪಿಯುಸಿ ಮುಗಿಸಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಇವು ಡಿಟಿಎಚ್ ಚಾನೆಲ್ ಮತ್ತು ಸ್ಮಾರ್ಟ್‌ಫೋನಿನ ಮೂಲಕ ನಡೆಯಲಿ, ಕೆಲಸಕ್ಕೆ ಅಡ್ಡಿಯಾಗದಿರಲಿ ಎಂದಿತು. ಅದೇ ಪ್ಯಾರಾದಲ್ಲಿ, ತಿಂಗಳಿಗೆ ಒಂದಾದರೂ ಮುಖಾಮುಖಿ ತರಗತಿ ಇರಬೇಕು ಎಂಬ ಮಾತೂ ಇದೆ. ನೀತಿಯ ಮೊದಲರ್ಧವನ್ನು ಭಾಷಣಗಳಲ್ಲಿ ಎತ್ತಾಡುವಷ್ಟು ಈ ವಾಕ್ಯವನ್ನು ಎತ್ತಾಡುವುದಿಲ್ಲ.

2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ‘ಪೋಷಣ್ ಭೀ ಪಢಾಯಿ ಭೀ’ ಎಂದು, ಅಂದರೆ ಊಟವೂ ಇರಲಿ ಪಾಠವೂ ಇರಲಿ ಎಂದು, ಹೊರಟಿತು. ಮರುವರ್ಷ ಮೂರು ವರ್ಷದೊಳಗಿನವರಿಗೆ ‘ನವಚೇತನ’, ಮೂರರಿಂದ ಆರರವರಿಗೆ ‘ಆಧಾರಶಿಲಾ’ ಎಂಬ ಪಠ್ಯಕ್ರಮಗಳು ಬಂದವು. ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಪಠ್ಯಕ್ರಮ ಅದಕ್ಕೂ ಮೊದಲೇ ಇತ್ತು. ಪುಸ್ತಕ, ವಿಡಿಯೊ, ಪಠ್ಯಕ್ರಮಕ್ಕೆ ಬರವೇನಿಲ್ಲ.

ಬರ ಇರುವುದು ಬೇರೆ ಕಡೆ. ಅದನ್ನು ಹಿಡಿದು ತೋರಿಸಿದ ಒಂದು ಅಧ್ಯಯನ ಅಮೆರಿಕದ ವರ್ಜೀನಿಯಾದ್ದು. ಅಲ್ಲಿನ ವಿಶ್ವವಿದ್ಯಾಲಯದ ರಾಬರ್ಟ್ ಪಿಯಾಂಟಾ ಮತ್ತು ಸಂಗಡಿಗರು ಶಾಲಾಪೂರ್ವ ತರಗತಿಯ ಶಿಕ್ಷಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಳ್ಳೆಯ ಪಾಠಗಳ ವಿಡಿಯೊ ಭಂಡಾರವನ್ನು ತೆರೆದಿಟ್ಟರು, ಬೇಕಾದಾಗ ನೋಡಿಕೊಳ್ಳಲಿ ಎಂದು. ಇನ್ನೊಂದು ಗುಂಪಿನವರು ಅದರ ಜೊತೆಗೆ ಎರಡು ವಾರಕ್ಕೊಮ್ಮೆ ತಮ್ಮದೇ ತರಗತಿಯನ್ನು ಚಿತ್ರಿಸಿ ಕಳಿಸಬೇಕು. ಮಾರ್ಗದರ್ಶಕರೊಬ್ಬರು ಅದರಿಂದ ಒಂದೆರಡು ನಿಮಿಷದ ತುಣುಕುಗಳನ್ನು ಆರಿಸಿ, ಪಕ್ಕದಲ್ಲಿ ಪ್ರಶ್ನೆ ಬರೆದು ವಾಪಸ್ಸು ಕಳಿಸುತ್ತಿದ್ದರು. ಆಮೇಲೆ ದೂರದಿಂದಲೇ ಮಾತುಕತೆ. 2008ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿದ್ದು ಇಷ್ಟು: ಮಕ್ಕಳ ಜೊತೆ ಮಾತಾಡುವ, ಒಡನಾಡುವ ರೀತಿ ಹೆಚ್ಚು ಸುಧಾರಿಸಿದ್ದು ಎರಡನೆಯ ಗುಂಪಿನಲ್ಲಿ, ಅದರಲ್ಲೂ ಬಡ ಮಕ್ಕಳೇ ತುಂಬಿದ್ದ ತರಗತಿಗಳಲ್ಲಿ. ಬರೀ ವಿಡಿಯೊ ಭಂಡಾರದ ಕೀಲಿಕೈ ಸಿಕ್ಕವರು ಅಷ್ಟು ಮುಂದೆ ಹೋಗಲಿಲ್ಲ.

ಗಮನಿಸಿ, ಎರಡೂ ಗುಂಪಿನದು ಆನ್‌ಲೈನ್ ತರಬೇತಿಯೇ. ಆದ್ದರಿಂದ ಆನ್‌ಲೈನ್ ಒಳ್ಳೆಯದೋ ಮುಖಾಮುಖಿ ಒಳ್ಳೆಯದೋ ಎಂದು ಕಚ್ಚಾಡುವುದರಲ್ಲಿ ಹುರುಳಿಲ್ಲ. ಕಲಿಯುವಾಕೆ ಪರದೆಯ ಮೇಲೆ ಯಾರನ್ನು ನೋಡುತ್ತಿದ್ದಾಳೆ? ಸ್ಟುಡಿಯೊದಲ್ಲಿ ಇಸ್ತ್ರಿ ಸೀರೆ ಉಟ್ಟು ಆರು ಜನ ಅಳದ ಮಕ್ಕಳಿಗೆ ಕಥೆ ಹೇಳುವವರನ್ನೋ, ಸಾರು ಕುದಿಯುವ ಸದ್ದಿನ ನಡುವೆ ಕಥೆ ಹೇಳುತ್ತಿರುವ ತನ್ನನ್ನೋ? ಪರರ ಪಾಠ ನೋಡಿ ಮೆಚ್ಚಬಹುದು. ನಾನು ಒಂದೇ ಸೆಕೆಂಡು ಕಾಯುತ್ತಿದ್ದೇನೆ ಎಂಬುದು ತಿಳಿಯಬೇಕಾದರೆ ನನ್ನ ಪಾಠವೇ ಬೇಕು.

ಇದಕ್ಕೆ ವಿಡಿಯೊ ಕೂಡ ಬೇಕಿಲ್ಲ, ದನಿ ಸಾಕು. ಫೋನನ್ನು ಕಿಟಕಿಯ ಮೇಲಿಟ್ಟು ಹತ್ತು ನಿಮಿಷದ ಕಥೆಯನ್ನು ರೆಕಾರ್ಡ್ ಮಾಡಿ, ಮಕ್ಕಳು ಹೋದ ಮೇಲೆ ಕೇಳಿಸಿಕೊಂಡರೆ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಮೌನವನ್ನು ಬೆರಳಲ್ಲೇ ಎಣಿಸಬಹುದು. ಎಷ್ಟು ಪ್ರಶ್ನೆ ‘ಇದೇನು?’ ಎಂಬವು, ಎಷ್ಟು ‘ಯಾಕೆ ಹೀಗಾಯ್ತು?’ ಎಂಬವು, ಇಪ್ಪತ್ತರಲ್ಲಿ ಯಾವ ಮೂರು ಮಕ್ಕಳೇ ಸದಾ ಉತ್ತರ ಹೇಳುತ್ತಾರೆ, ಎಲ್ಲ ಗೊತ್ತಾಗುತ್ತದೆ. ಡೇಟಾ ಕಡಿಮೆ ಖರ್ಚು, ಮಕ್ಕಳ ಮುಖ ಕಂಡಕಂಡ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಭಯವೂ ಇಲ್ಲ.

ಆದರೆ ಆ ಫೋನು ಬಿಡುವಾಗಿರಬೇಕಲ್ಲ! ಬೆಳಿಗ್ಗೆ ಹಾಜರಾತಿ, ಮಧ್ಯಾಹ್ನ ಊಟದ ಲೆಕ್ಕ, ಮೊಟ್ಟೆ, ತೂಕ, ಗರ್ಭಿಣಿ ಬಾಣಂತಿಯರ ವಿವರ, 2021ರಿಂದ ಪೋಷಣ್ ಟ್ರ್ಯಾಕರ್, ಮನೆಗೆ ಕೊಡುವ ಆಹಾರ ಸರಿಯಾದವರಿಗೇ ತಲುಪಿತೇ ಎಂದು ಮುಖ ಗುರುತಿಸುವ ಕೆಲಸ, ಎಲ್ಲವೂ ಅದೇ ಫೋನಿನಲ್ಲಿ. ಚುನಾವಣೆ ಬಂದರೆ ಮತಪಟ್ಟಿಯ ಕೆಲಸವೂ ಇವರಲ್ಲಿ ಹಲವರ ಹೆಗಲಿಗೆ. ನೋಟಿಸು ಬರುವ ಬಾಗಿಲಿನಿಂದಲೇ ತರಬೇತಿಯೂ ಬಂದರೆ ಅದನ್ನೂ ನೋಟಿಸಿನಂತೆಯೇ ಮುಗಿಸುತ್ತಾರೆ. ವಿಡಿಯೊ ಹಚ್ಚಿಟ್ಟು ಒಗ್ಗರಣೆ ಹಾಕುತ್ತಾರೆ, ಕ್ವಿಜ್‌ನ ಉತ್ತರ ಗುಂಪಿನಲ್ಲಿ ಮೊದಲೇ ಬಂದಿರುತ್ತದೆ, ಹಸಿರು ಗುರುತು ಬಿದ್ದ ಕೂಡಲೇ ‘ಟ್ರೇನಿಂಗ್ ಆಯ್ತು’. ನಾನಾದರೂ ಹಾಗೆಯೇ ಮಾಡುತ್ತಿದ್ದೆ.

ಇದು ಸೋಮಾರಿತನದ ಮಾತಲ್ಲ, ಹೊತ್ತಿನ ಮಾತು. ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಗಾನಿಮಿಯನ್, ಮುರಳೀಧರನ್ ಮತ್ತು ವಾಲ್ಟರ್ಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ನಡೆಸಿದ ಪ್ರಯೋಗವಿದೆ. ಅವುಗಳಲ್ಲಿ ಕೆಲವಕ್ಕೆ, ಪಾಠಕ್ಕೆಂದೇ ಅರ್ಧ ದಿನದ ಮಟ್ಟಿಗೆ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಅಲ್ಲಿ ಪಾಠದ ಹೊತ್ತು ಇಮ್ಮಡಿಯಾಯಿತು. ಹದಿನೆಂಟು ತಿಂಗಳಲ್ಲಿ ಮಕ್ಕಳ ಭಾಷೆ, ಲೆಕ್ಕ ಎರಡೂ ಸುಧಾರಿಸಿದವು. ಹಳೆಯ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ಕುಂಠಿತ ಬೆಳವಣಿಗೆಯೂ ಕಡಿಮೆಯಾಯಿತು. ಈ ಹಿನ್ನೆಲೆಯಲ್ಲಿ ನೋಡಿದರೆ, ಕೆಲಸದ ಹೊತ್ತು ಕಳೆದ ಮೇಲೆ ಮನೆಯಲ್ಲಿ ಕೂತು ನೋಡಿ ಎಂದು ಕಳಿಸುವ ಮಾಡ್ಯೂಲು ತರಬೇತಿಯಲ್ಲ, ಸಂಬಳವಿಲ್ಲದ ಓವರ್‌ಟೈಮು.

ಇನ್ನು ಭಾಷೆ. ಹಿಂದಿಯಿಂದ ಕನ್ನಡಕ್ಕೆ ಇಳಿಸಿದ ವಿಡಿಯೊದಲ್ಲಿ ‘ಮಕ್ಕಳೇ, ಈಗ ನಾವು ಹಣ್ಣುಗಳ ಪರಿಚಯವನ್ನು ಮಾಡಿಕೊಳ್ಳೋಣ’ ಎಂಬ ದನಿ ಕೇಳುತ್ತದೆ. ಯಾವ ಊರಿನ ತಾಯಿಯೂ ಹೀಗೆ ಮಾತಾಡುವುದಿಲ್ಲ. ಕಾರ್ಯಕರ್ತೆ ಸಿಂಧನೂರಿನವರಾದರೆ ಮಕ್ಕಳಲ್ಲಿ ತೆಲುಗಿನವರಿದ್ದಾರೆ, ತಾಂಡಾದಲ್ಲಾದರೆ ಲಂಬಾಣಿ, ಪುತ್ತೂರಿನಲ್ಲಾದರೆ ತುಳು. ‘ಮನೆಮಾತಿನಲ್ಲಿ ಶುರುಮಾಡಿ’ ಎಂದು ಪುಸ್ತಕದ ಕನ್ನಡದಲ್ಲಿ ಉಪದೇಶಿಸುವುದಕ್ಕಿಂತ, ತಾಂಡಾದ ಒಬ್ಬ ಟೀಚರ್ ಲಂಬಾಣಿಯಿಂದ ಕನ್ನಡಕ್ಕೆ ಹೇಗೆ ದಾಟಿಸುತ್ತಾರೆ ಎಂಬ ಎರಡು ನಿಮಿಷದ ರೆಕಾರ್ಡು ಹೆಚ್ಚು ಕಲಿಸುತ್ತದೆ. ಆ ಪಾಠದ ಪರಿಣತೆ ಆ ಟೀಚರ್ರೇ, ದೆಹಲಿಯವರಲ್ಲ. ಫೋನು ಮೇಲಿನಿಂದ ಕೆಳಕ್ಕಷ್ಟೇ ಅಲ್ಲ, ಅಡ್ಡಕ್ಕೂ ಹರಿಸಬಲ್ಲದು ಎಂಬುದನ್ನು ನಾವಿನ್ನೂ ಸರಿಯಾಗಿ ಬಳಸಿಕೊಂಡಿಲ್ಲ.

ಕೆಲವು ವಿದ್ಯೆಗಳು ಮಾತ್ರ ಪರದೆಗೆ ಒಗ್ಗುವುದೇ ಇಲ್ಲ. 1939ರಲ್ಲಿ ಮರಿಯಾ ಮಾಂಟೆಸ್ಸರಿ ಮದರಾಸಿನ ಅಡ್ಯಾರಿಗೆ ಬಂದಾಗ ಸುಮಾರು ಮುನ್ನೂರು ಜನ ತರಬೇತಿಗೆ ಸೇರಿದ್ದರು. ಸಲಕರಣೆಯನ್ನು ತಾವೇ ಕೈಯಲ್ಲಿ ಹಿಡಿದು ಅಭ್ಯಾಸ ಮಾಡುವುದು ಆ ಪದ್ಧತಿಯ ಜೀವ. ಮಣಿಯನ್ನು ಎಷ್ಟು ನಿಧಾನವಾಗಿ ಎತ್ತಿದರೆ ಮಗುವಿನ ಕಣ್ಣು ಹಿಂಬಾಲಿಸುತ್ತದೆ ಎಂಬುದನ್ನು ಕೈಯೇ ಕಲಿಯಬೇಕು. ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡೇ ಉಳಿದವರನ್ನು ಆಟಕ್ಕೆ ಹಚ್ಚುವುದನ್ನೂ ಅಷ್ಟೇ, ಪಳಗಿದವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಪಕ್ಕದಲ್ಲಿ ನಿಲ್ಲುವವರು ನಮ್ಮ ವ್ಯವಸ್ಥೆಯಲ್ಲಿ ಮೇಲ್ವಿಚಾರಕಿಯರು. ಒಬ್ಬರಿಗೆ ಇಪ್ಪತ್ತೈದರ ಸುಮಾರು ಕೇಂದ್ರಗಳು. ಹದಿನೈದು ದಿನಕ್ಕೊಮ್ಮೆ ಪ್ರತಿ ಕೇಂದ್ರದಿಂದ ಎರಡು ನಿಮಿಷದ ತುಣುಕು ಬಂದರೆ ಕೇಳಲು ಐವತ್ತು ನಿಮಿಷ, ಬಸ್ಸಿಗೆ ಕಾಯುವ ಹೊತ್ತಿಗಿಂತ ಕಡಿಮೆ. ವೃತ್ತ ಸಭೆಯಲ್ಲಿ ವರದಿ ಒಪ್ಪಿಸುವ ಶಾಸ್ತ್ರ ಮುಗಿದ ಮೇಲೆ ಅಂಥ ಒಂದೆರಡನ್ನು, ಟೀಚರ್ ಒಪ್ಪಿದರೆ, ಎಲ್ಲರೂ ಕೂತು ಕೇಳಬಹುದು. ಅಡ್ಡಿ ಇರುವುದು ಹೊತ್ತಿನದಲ್ಲ, ರೂಢಿಯದು. ಮೇಲ್ವಿಚಾರಕಿ ಎಂದರೆ ರಿಜಿಸ್ಟರ್ ತಿರುವಿ ತಪ್ಪು ಹುಡುಕುವವರು ಎಂದೇ ಇಷ್ಟು ದಿನ ನಡೆದು ಬಂದಿದೆ. ಅವರಿಗೆ ಕೊಡುವ ತರಬೇತಿಯೂ ಬಹುಪಾಲು ಅದರದೇ. ‘ನೀವ್ಯಾಕೆ ಕಾಯ್ಲಿಲ್ಲ?’ ಎಂದು ಕೇಳಿದರೆ ಎದುರಿನವರು ಮುದುಡುತ್ತಾರೆ, ಮುಂದಿನ ಸಲ ರೆಕಾರ್ಡ್ ಬರುವುದಿಲ್ಲ. ‘ಇಲ್ಲಿ ಆ ಹುಡುಗಿ ಏನೋ ಹೇಳೋಕೆ ಹೊರಟಿದ್ಳು, ಕೇಳಿಸ್ತಾ ನಿಮ್ಗೆ?’ ಎಂದರೆ ಟೀಚರ್ ಇನ್ನೊಮ್ಮೆ ಕೇಳಿಸಿಕೊಳ್ಳುತ್ತಾರೆ. ಪ್ರಶ್ನೆ ಹಾಕಿದ ಮೇಲೆ ಮೇಲ್ವಿಚಾರಕಿ ತಾವೇ ಉತ್ತರ ಹೇಳಿಬಿಡದೆ ಸುಮ್ಮನೆ ಕೂರಬೇಕು, ಮೂರು ಸೆಕೆಂಡಾದರೂ.