ಗೆದ್ದ ಮೇಲೆ ಎಲ್ಲರೂ ಕೋಚ್‌ಗಳೇ!

2023ರ ಮಾರ್ಚ್ 7. ಮುಂಬೈನ ಅಂಧೇರಿ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಸೆಮಿಫೈನಲ್ ಮೊದಲ ಹಂತದ ಪಂದ್ಯ. 78ನೇ ನಿಮಿಷದಲ್ಲಿ ರೋಶನ್ ಸಿಂಗ್ ಕಾರ್ನರ್ ಕಿಕ್ ಹಾರಿಸಿದರು. ಬದಲಿ ಆಟಗಾರನಾಗಿ ಬಂದಿದ್ದ 38 ವರ್ಷದ ಸುನಿಲ್ ಚೆಟ್ರಿ ತಲೆ ಕೊಟ್ಟರು, ಚೆಂಡು ಬಲೆ ಸೇರಿತು. ಬೆಂಗಳೂರು ಎಫ್‌ಸಿ 1, ಮುಂಬೈ ಸಿಟಿ 0. ಆ ವರ್ಷ ಲೀಗ್ ಹಂತದಲ್ಲಿ ಸತತ 18 ಪಂದ್ಯ ಸೋಲದೆ ನಡೆದು, 50ಕ್ಕೂ ಹೆಚ್ಚು ಗೋಲು ಹೊಡೆದು ಅಗ್ರಸ್ಥಾನ ಪಡೆದಿದ್ದ ತಂಡ ತನ್ನದೇ ಅಂಗಳದಲ್ಲಿ ಒಂದೂ ಗೋಲು ಹೊಡೆಯಲಾಗದೆ ಕೈಕಟ್ಟಿ ನಿಂತಿತ್ತು.

ನಮ್ಮ ಗೋಕಾಕ ಫಾಲ್ಸ್‌ನಲ್ಲಿ ಫುಟ್‌ಬಾಲ್ ಅಂದರೆ ಹುಚ್ಚೆದ್ದು ಕುಣಿಯುವವರು ಹೆಚ್ಚಿಲ್ಲ. ಇಲ್ಲಿ ಬ್ಯಾಟು, ಬಾಲಿನದ್ದೇ ರಾಜ್ಯಭಾರ. ಆದರೆ ಮುಂಬೈ ವಿರುದ್ಧ ಬೆಂಗಳೂರು ಅಂದಾಗ ಕಥೆ ಬೇರೆ. ಬೆಳಗಾವಿ ಜಿಲ್ಲೆಯವರಿಗೆ ಎರಡೂ ಊರು ಹೆಚ್ಚು ಕಡಿಮೆ ಅಷ್ಟೇ ದೂರ. ಒಂದೇ ಹೆದ್ದಾರಿಯ ಎರಡು ತುದಿಗಳು. ಇವತ್ತು ಡಿಗ್ರಿ ಮುಗಿಸಿದವರಲ್ಲಿ ಒಬ್ಬ ಆ ಕಡೆಯ ಬಸ್ ಹತ್ತಿದರೆ ಇನ್ನೊಬ್ಬ ಈ ಕಡೆಯದು ಹತ್ತುತ್ತಾನೆ. ಎರಡು ದಿನ ಕಳೆದರೆ ದ್ವಿತೀಯ ಪಿಯು ಪರೀಕ್ಷೆ ಇದ್ದರೂ ಅಂದು ನಾವು ಕೆಲವರು ಒಂದೇ ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಪಂದ್ಯ ನೋಡಿದೆವು. ಕೊನೆಯ ಸೀಟಿ ಊದಿದ್ದೇ ತಡ, ಎಲ್ಲರೂ ಕೋಚ್‌ಗಳಾದರು!

'ಏನ್ ಪ್ಲ್ಯಾನ್ ಮಾಡ್ಯಾರ ನೋಡಲೇ!' ಎಂದ ಒಬ್ಬ. ಬೆಂಗಳೂರಿನ ಕೋಚ್ ಸೈಮನ್ ಗ್ರೇಸನ್ ಮೂವರು ಸೆಂಟರ್ ಡಿಫೆಂಡರ್‌ಗಳನ್ನು ನಿಲ್ಲಿಸಿದ್ದರು. ಚೆಂಡು ಎದುರಾಳಿಯ ಬಳಿ ಇದ್ದಾಗ ಎರಡೂ ಬದಿಯ ವಿಂಗ್‌ಬ್ಯಾಕ್‌ಗಳು ಹಿಂದೆ ಸರಿದು ಮೂವರ ಸಾಲು ಐವರ ಸಾಲಾಗುತ್ತದೆ. ಛಾಂಗ್ಟೆ, ಬಿಪಿನ್ ಸಿಂಗ್‌ರಂಥ ಓಟಗಾರರಿಗೆ ಒಳನುಗ್ಗಲು ಸಂದು ಸಿಗದಂತೆ ಮಾಡಿದ್ದೇ ಗೆಲುವಿನ ಗುಟ್ಟು ಎಂಬುದು ಅವನ ವಾದ.

'ಅದಲ್ಲ, ಚೆಟ್ರಿನ್ನ ಬೆಂಚಿನ ಮ್ಯಾಲ ಕುಂದರಿಸಿದ್ದ ಖರೆ ಪ್ಲ್ಯಾನು' ಎಂದ ಇನ್ನೊಬ್ಬ. ಎದುರಾಳಿ ಡಿಫೆಂಡರ್‌ಗಳು ದಣಿಯುವವರೆಗೆ ಕಾದು, ದ್ವಿತೀಯಾರ್ಧದಲ್ಲಿ ತಾಜಾ ಕಾಲುಗಳ ಅನುಭವಿಯನ್ನು ಇಳಿಸಿದರೆ ಗೋಲು ಬಂದೇ ಬರುತ್ತದೆ ಎಂಬ ಲೆಕ್ಕ. ಮೂರನೆಯವನು ಕಾರ್ನರ್ ಕಿಕ್ ಅಭ್ಯಾಸದ ಬಗ್ಗೆ ಭಾಷಣ ಮಾಡಿದ. ನಾಲ್ಕನೆಯವನಂತೂ ಒಂದೇ ಮಾತಿನಲ್ಲಿ ಮುಗಿಸಿದ: 'ನಸೀಬಪಾ!'

ಇವರಲ್ಲಿ ಯಾರು ಸರಿ? ತವರಿನಾಚೆ ಗೆದ್ದ ಪ್ರತಿ ಪಂದ್ಯದ ನಂತರವೂ, ಜಗತ್ತಿನ ಯಾವುದೇ ಊರಿನಲ್ಲಿ, ಅಭಿಮಾನಿಗಳು ಹೀಗೇ ಮಾತಾಡುತ್ತಾರೆ. ಫಲಿತಾಂಶ ಮೊದಲು ಬರುತ್ತದೆ, ಕಾರಣ ಆಮೇಲೆ ಹುಟ್ಟುತ್ತದೆ. ಅದಕ್ಕೇ ಇಂಥ ವಿವರಣೆಗಳಿಗೆ ನಾವು ಒಂದು ಸರಳ ಪರೀಕ್ಷೆ ಇಡಬಹುದು. ಗೆಲುವಿಗೆ ನೀವು ಕೊಟ್ಟ ಕಾರಣ ಸೋತ ದಿನವೂ ಇತ್ತೇ?

ಇದೇ ಬೆಂಗಳೂರು ತಂಡ ಇದೇ ಮುಂಬೈ ನೆಲದಲ್ಲಿ 2022ರ ನವೆಂಬರ್‌ನಲ್ಲಿ 0-4ರಿಂದ ಸೋತಿತ್ತು. ಆಗಲೂ ಕೋಚ್ ಇವರೇ, ತಂಡದಲ್ಲಿದ್ದವರೂ ಬಹುಪಾಲು ಇವರೇ. ಅಂದಮೇಲೆ 'ಗ್ರೇಸನ್ ಜಾಣ, ಅದಕ್ಕೇ ಗೆದ್ದರು' ಎಂಬ ಮಾತು ಅರ್ಧ ಸತ್ಯ. ನವೆಂಬರ್‌ನಲ್ಲೂ ಅವರು ಅಷ್ಟೇ ಜಾಣರಿದ್ದರು.

ಇನ್ನು ಐದು ದಿನ ಮುಂದೆ ಹೋಗೋಣ. ಮಾರ್ಚ್ 12ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಎರಡನೇ ಹಂತ. ತವರಿನ ಪ್ರೇಕ್ಷಕರು, ವೆಸ್ಟ್ ಬ್ಲಾಕ್ ಸ್ಟ್ಯಾಂಡಿನ ಹಾಡು, ಕೈಯಲ್ಲಿ ಒಂದು ಗೋಲಿನ ಮುನ್ನಡೆ. ಪಂದ್ಯದ ಆರಂಭದಲ್ಲೇ ಮುಂಬೈಗೆ ಪೆನಾಲ್ಟಿ ಸಿಕ್ಕಿತು. ಗ್ರೆಗ್ ಸ್ಟೀವರ್ಟ್ ಒದ್ದ ಚೆಂಡನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಹಾವಿ ಹೆರ್ನಾಂಡೆಜ್ ಗೋಲು ಹೊಡೆದು ಬೆಂಗಳೂರಿನ ಒಟ್ಟು ಮುನ್ನಡೆಯನ್ನು ಎರಡಕ್ಕೆ ಏರಿಸಿದರು. ಅಲ್ಲಿಗೆ ಮುಗಿಯಿತು ಅನ್ನುವಷ್ಟರಲ್ಲಿ ಬಿಪಿನ್ ಸಿಂಗ್, ಆಮೇಲೆ ಮೆಹ್ತಾಬ್ ಸಿಂಗ್ ಗೋಲು ಹೊಡೆದರು. ಪಂದ್ಯ 1-2, ಎರಡು ಹಂತ ಸೇರಿ 2-2. ಹೆಚ್ಚುವರಿ ಅವಧಿಯಲ್ಲೂ ಇತ್ಯರ್ಥವಾಗದೆ ಪೆನಾಲ್ಟಿ ಶೂಟೌಟ್. ಅದೂ 9-8ರವರೆಗೆ ಎಳೆಯಿತು. ಮೆಹ್ತಾಬ್ ಒದ್ದದ್ದನ್ನು ಗುರ್‌ಪ್ರೀತ್ ತಡೆದರು, ಸಂದೇಶ್ ಜಿಂಗಾನ್ ಗುರಿ ತಪ್ಪಲಿಲ್ಲ. ಬೆಂಗಳೂರು ಫೈನಲ್‌ಗೆ ಹೋಯಿತು.

ಈಗ ಯೋಚಿಸಿ ಗೆಳೆಯರೇ. ಫುಟ್‌ಬಾಲ್‌ನಲ್ಲಿ ನಾಲ್ಕು ಪೆನಾಲ್ಟಿ ಒದ್ದರೆ ಸುಮಾರು ಮೂರು ಗೋಲಾಗುತ್ತವೆ. ಸ್ಟೀವರ್ಟ್ ಹೊಡೆದದ್ದು ಆ ಮೂರರಲ್ಲಿ ಒಂದಾಗಿದ್ದರೆ? 'ಐವರ ಸಾಲಿನ ಅದ್ಭುತ ತಂತ್ರ' ಎಂದವರೇ ಮರುದಿನ 'ಹಿಂದೆ ಸರಿದು ಆಡಿ ಕೆಟ್ಟರು' ಎನ್ನುತ್ತಿದ್ದರು. ಒಂದೇ ತಂತ್ರ ಗೆದ್ದರೆ ಶಿಸ್ತು, ಸೋತರೆ ಪುಕ್ಕಲುತನ. ಹೆಸರು ಬದಲಾಯಿಸಿದ್ದು ಫಲಿತಾಂಶವೇ ಹೊರತು ಆಟವಲ್ಲ.

ಹಾಗಾದರೆ ತಂತ್ರದ ಮಾತೆಲ್ಲ ಸುಳ್ಳೇ? 'ನಸೀಬಪಾ' ಎಂದವನೇ ಗೆದ್ದನೇ? ಅದೂ ಅಲ್ಲ. ಚೆಟ್ರಿಯನ್ನು ತಡವಾಗಿ ಇಳಿಸುವ ವಾದವನ್ನೇ ತೆಗೆದುಕೊಳ್ಳಿ. ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್ ಪಂದ್ಯದಲ್ಲೂ ಅವರು ಬೆಂಚಿನಿಂದ ಬಂದು, ಹೆಚ್ಚುವರಿ ಅವಧಿಯಲ್ಲಿ ಚುರುಕಾಗಿ ಫ್ರೀಕಿಕ್ ಒದ್ದು ಗೋಲು ಹೊಡೆದಿದ್ದರು. ಅದನ್ನು ಪ್ರತಿಭಟಿಸಿ ಕೇರಳ ತಂಡ ಮೈದಾನ ಬಿಟ್ಟು ಹೋದದ್ದು ಇಡೀ ದೇಶದಲ್ಲಿ ಸುದ್ದಿಯಾಯಿತು. ನಾಲ್ಕು ದಿನಗಳಲ್ಲಿ ಎರಡು ಬಾರಿ ಒಂದೇ ಉಪಾಯ ಫಲ ಕೊಟ್ಟಾಗ ಅದರಲ್ಲಿ ಏನೋ ಇದೆ ಎನ್ನಬಹುದು. ಕಾರ್ನರ್ ಕಿಕ್ಕಿನ ವಾದಕ್ಕೆ ಅಷ್ಟು ಬಲವಿಲ್ಲ. ನೂರು ಕಾರ್ನರ್‌ಗಳಲ್ಲಿ ಗೋಲಾಗುವುದು ಬೆರಳೆಣಿಕೆಯಷ್ಟು ಮಾತ್ರ. ಒಂದು ಗೋಲು ಕಂಡು ಅಭ್ಯಾಸದ ಪವಾಡ ಎನ್ನುವ ಮೊದಲು ಉಳಿದ ಕಾರ್ನರ್‌ಗಳಲ್ಲಿ ಏನಾಯಿತು ಎಂದೂ ಎಣಿಸಬೇಕು.

ಆದರೆ ಒಳ್ಳೆಯ ಉಪಾಯಕ್ಕೂ ಗ್ಯಾರಂಟಿ ಇಲ್ಲ. ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ಎಟಿಕೆ ಮೋಹನ್ ಬಾಗನ್ ವಿರುದ್ಧ ಫೈನಲ್. ಯುವ ಸ್ಟ್ರೈಕರ್ ಶಿವಶಕ್ತಿ ಆರಂಭದಲ್ಲೇ ಗಾಯಗೊಂಡರು. ಕೊನೆಗೆ ಬಳಸಲೆಂದು ಇಟ್ಟುಕೊಂಡಿದ್ದ ಚೆಟ್ರಿ ಕೆಲವೇ ನಿಮಿಷಗಳಲ್ಲಿ ಮೈದಾನಕ್ಕೆ ಇಳಿಯಬೇಕಾಯಿತು. ಪಂದ್ಯ 2-2 ಆಯಿತು, ಶೂಟೌಟ್‌ನಲ್ಲಿ ಬೆಂಗಳೂರು 3-4ರಿಂದ ಸೋತಿತು. ಕಪ್ಪು ಕೋಲ್ಕತ್ತಕ್ಕೆ ಹೋಯಿತು. ಆರು ದಿನದ ಹಿಂದೆ ಶೂಟೌಟ್‌ನಲ್ಲಿ ಗೆದ್ದವರು ಈಗ ಶೂಟೌಟ್‌ನಲ್ಲೇ ಸೋತರು. ಆರು ದಿನದಲ್ಲಿ ಇವರ ಧೈರ್ಯ, ಬುದ್ಧಿ ಎರಡೂ ಕಳೆದುಹೋದವು ಎಂದರೆ ನಂಬುತ್ತೀರಾ?

ಫುಟ್‌ಬಾಲ್ ತಂತ್ರವನ್ನು ಊಟದಷ್ಟೇ ಗಂಭೀರವಾಗಿ ತೆಗೆದುಕೊಳ್ಳುವ ದೇಶ ಇಟಲಿ. ಅಲ್ಲಿನ ಸೀರಿ 'ಎ' ಲೀಗ್‌ನ ರಾತ್ರಿ ಪಂದ್ಯಗಳು ಚಳಿಗಾಲದಲ್ಲಿ ನಮಗೆ ಬೆಳಗಿನ ಜಾವ 1.15ಕ್ಕೆ ಶುರುವಾಗುತ್ತವೆ. ಹಾಸ್ಟೆಲ್‌ಗಳಲ್ಲಿ ನಿದ್ದೆಗೆಟ್ಟು ನೋಡುವವರಿಗೆ ಕೊರತೆಯಿಲ್ಲ. ಅಭಿಮಾನಿಗಳು ಬಳಸುವ ಎಷ್ಟೋ ಪದಗಳು ಅಲ್ಲಿಂದಲೇ ಬಂದವು. 'ಕಟೆನಾಚ್ಚೊ' ಅಂದರೆ ಬಾಗಿಲಿನ ಅಗಳಿ. ಗೋಲು ಬಿಟ್ಟುಕೊಡದೆ ಅಗಳಿ ಜಡಿದು ಕೂತು, ಸಿಕ್ಕ ಒಂದೇ ಅವಕಾಶದಲ್ಲಿ ಗೆಲ್ಲುವ ಆಟ. ಎಲೆನಿಯೊ ಎರೆರಾ ಕೋಚ್ ಆಗಿದ್ದ ಇಂಟರ್ ಮಿಲಾನ್ ಹೀಗೆ ಆಡಿಯೇ 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಮುಂಬೈನಲ್ಲಿ ಬೆಂಗಳೂರು ಮಾಡಿದ್ದಕ್ಕೆ ನಮ್ಮವರು ಇದೇ ಹೆಸರು ಕೊಟ್ಟದ್ದು ಆಶ್ಚರ್ಯವಲ್ಲ.

ಇಟಲಿಯಿಂದ ನಾವು ಎರವಲು ತರಬೇಕಾದದ್ದು ಪದಗಳನ್ನಷ್ಟೇ ಅಲ್ಲ. ಅರಿಗೊ ಸಾಕಿ ದೊಡ್ಡ ಮಟ್ಟದಲ್ಲಿ ಆಡಿದವರೇ ಅಲ್ಲ. ಶೂ ವ್ಯಾಪಾರದಲ್ಲಿದ್ದವರು. ಅವರೇ ಎಸಿ ಮಿಲಾನ್ ತಂಡಕ್ಕೆ ಕೋಚ್ ಆಗಿ 1989, 1990ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿದರು. ಮೌರಿಜಿಯೊ ಸಾರ್ರಿ ಬ್ಯಾಂಕ್ ಉದ್ಯೋಗಿ. ಸಣ್ಣ ಸಣ್ಣ ಊರಿನ ತಂಡಗಳಿಗೆ ತರಬೇತಿ ಕೊಡುತ್ತ, ಕೊನೆಗೆ ಬ್ಯಾಂಕ್ ಕೆಲಸ ಬಿಟ್ಟು ಪೂರ್ಣಾವಧಿ ಕೋಚ್ ಆದರು. 2020ರಲ್ಲಿ ಯುವೆಂಟಸ್‌ಗೆ ಸೀರಿ 'ಎ' ಪ್ರಶಸ್ತಿ ತಂದುಕೊಟ್ಟರು. ಫ್ಲಾರೆನ್ಸ್ ಬಳಿಯ ಕೊವರ್ಚಾನೊದಲ್ಲಿರುವ ಕೋಚ್‌ಗಳ ಶಾಲೆಯಲ್ಲಿ ದೊಡ್ಡ ಆಟಗಾರರೂ ನಮ್ಮ ಹಾಗೆ ಪ್ರಾಜೆಕ್ಟ್ ರಿಪೋರ್ಟ್, ಅಂದರೆ ಪ್ರಬಂಧ ಬರೆದು ಒಪ್ಪಿಸಬೇಕು. ಅಂದರೆ ಆಟದ ಬಗ್ಗೆ ಯೋಚಿಸುವುದು ಆಡಿದವರ ಸ್ವತ್ತಲ್ಲ. ಸೋಫಾದ ಮೇಲೆ ಕೂತ ಅಭಿಮಾನಿಗೂ ಕೋಚ್‌ಗೂ ಇರುವ ಮುಖ್ಯ ವ್ಯತ್ಯಾಸ ಒಂದೇ: ಕೋಚ್ ತನ್ನ ಲೆಕ್ಕವನ್ನು ಪಂದ್ಯಕ್ಕೆ ಮೊದಲು ಹಾಕಬೇಕು, ಅಭಿಮಾನಿ ಪಂದ್ಯ ಮುಗಿದ ಮೇಲೆ ಹಾಕುತ್ತಾನೆ.

ಇದು ನನಗೆ ಅರ್ಥವಾದದ್ದು ನಮ್ಮೂರಿನ ಜಲಪಾತ ಮತ್ತು ನಮ್ಮ ಸಿವಿಲ್ ಎಂಜಿನಿಯರಿಂಗ್ ಪಾಠ, ಎರಡೂ ಸೇರಿದಾಗ. ಆಗಸ್ಟ್‌ನಲ್ಲಿ ಫಾಲ್ಸ್ ನೋಡಲು ಬಂದವರು ತೂಗುಸೇತುವೆಯ ಮೇಲೆ ನಿಂತು 'ಅಬ್ಬಾ, ಎಂಥಾ ನದಿ!' ಎನ್ನುತ್ತಾರೆ. ಘಟಪ್ರಭೆ 52 ಮೀಟರ್ ಎತ್ತರದಿಂದ ಕೆಂಪಗೆ ಧುಮ್ಮಿಕ್ಕುತ್ತಿರುತ್ತದೆ. ಏಪ್ರಿಲ್‌ನಲ್ಲಿ ಬಂದವರು ಬರೀ ಬಂಡೆ ಕಂಡು 'ಇಷ್ಟೇನಾ?' ಎಂದು ಹೊರಡುತ್ತಾರೆ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಆದರೆ ಘಟ್ಟದ ಮೇಲೆ ಎಷ್ಟು ಮಳೆ ಬಿತ್ತು, ಹಿಡಕಲ್ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರು ಎಂಬುದು ಇಬ್ಬರಿಗೂ ಕಾಣುವುದಿಲ್ಲ. ಒಂದು ದಿನದ ನೀರು ನೋಡಿ ಸೇತುವೆ ಕಟ್ಟಬೇಡಿ, ವರ್ಷಗಟ್ಟಲೆ ಅಳತೆ ನೋಡಿ ಎಂದು ಹೈಡ್ರಾಲಜಿ ಪಾಠ ಹೇಳುತ್ತದೆ. ಒಂದು ಪಂದ್ಯದ ಸ್ಕೋರು ಅಂದರೆ ಒಂದು ದಿನದ ನೀರು.

ಇದನ್ನು ಈ ಪುಟದಲ್ಲಿ ಬರೆಯಲು ಕಾರಣ ಫುಟ್‌ಬಾಲ್ ಮಾತ್ರ ಅಲ್ಲ. ಈಗ ನಮ್ಮ ಸುತ್ತ ಕ್ಯಾಂಪಸ್ ಸಂದರ್ಶನಗಳ ಕಾಲ. ಆಯ್ಕೆಯಾದ ಸೀನಿಯರ್ ಬಂದು 'ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿದೆ, ಕೋಡಿಂಗ್ ಮಾಡಿದೆ, ಕನ್ನಡಿ ಮುಂದೆ ಇಂಗ್ಲಿಷ್ ಮಾತಾಡಿದೆ' ಎನ್ನುತ್ತಾನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಅವನ ರೂಮ್‌ಮೇಟ್ ಕೂಡ ನಾಲ್ಕಕ್ಕೇ ಎದ್ದಿದ್ದ, ಅದೇ ಕನ್ನಡಿ ಮುಂದೆ ಮಾತಾಡಿದ್ದ. ಅವನಿಗೆ ಕೆಲಸ ಸಿಗಲಿಲ್ಲ. ಅವನನ್ನು ಭಾಷಣಕ್ಕೆ ಯಾರೂ ಕರೆಯಲಿಲ್ಲ. ಮನೆಯಲ್ಲಿ 'ಓದಿದ್ದು ಸಾಲಲಿಲ್ಲ' ಎಂದರು, ಅವನೂ ಅದನ್ನೇ ನಂಬತೊಡಗಿದ. ಆ ದಿನ ಎಷ್ಟು ಹುದ್ದೆಗಳಿದ್ದವು, ಸಂದರ್ಶನ ಮಾಡಿದವರು ಯಾವ ಪ್ರಶ್ನೆ ಕೇಳಿದರು ಎಂದು ವಿಚಾರಿಸಿದವರಿಲ್ಲ. ಕಂಠೀರವದಲ್ಲಿ ಗುರ್‌ಪ್ರೀತ್ ಆ ಪೆನಾಲ್ಟಿ ತಡೆಯದಿದ್ದರೆ ಗ್ರೇಸನ್ ಗತಿಯೂ ಇದೇ ಆಗುತ್ತಿತ್ತು.

ಸೋತವನಿಗೆ ಸಮಾಧಾನ ಹೇಳಲು 'ಎಲ್ಲಾ ಅದೃಷ್ಟ' ಎನ್ನುವುದು ಸುಲಭ, ಆದರೆ ಅದರಿಂದ ಅವನಿಗೆ ಉಪಯೋಗವಿಲ್ಲ. ಅವನಿಗೆ ಬೇಕಾದದ್ದು ತನ್ನ ತಯಾರಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಎಂಬ ಉತ್ತರ. ಫಲಿತಾಂಶವೊಂದೇ ಆ ಉತ್ತರ ಕೊಡುವುದಿಲ್ಲ.

ನಾವು ಗೆಳೆಯರು ಈಗ ಒಂದು ರೂಢಿ ಇಟ್ಟುಕೊಂಡಿದ್ದೇವೆ. ದೊಡ್ಡ ಪಂದ್ಯಕ್ಕೆ ಮೊದಲು ಪ್ರತಿಯೊಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಬೇಕು. ಯಾರ ಆಟ ಎಲ್ಲಿ ನಡೆಯುತ್ತದೆ, ಯಾವ ಬದಲಾವಣೆ ಕೆಲಸ ಮಾಡುತ್ತದೆ, ಯಾಕೆ. ಪಂದ್ಯ ಶುರುವಾದ ಮೇಲೆ ಪೆನ್ನು ಮುಟ್ಟುವಂತಿಲ್ಲ. ಮುಗಿದ ಮೇಲೆ ಬರೆದದ್ದನ್ನು ಓದುತ್ತೇವೆ. ಗದ್ದಲ ಅರ್ಧ ಕಡಿಮೆಯಾಗಿದೆ, ಮಾತು ಹೆಚ್ಚು ರುಚಿಯಾಗಿದೆ. 'ನಾ ಮೊದಲ ಹೇಳಿದ್ನೆಲಾ' ಎನ್ನುವವನಿಗೆ 'ಪುಟ ತೋರಿಸಪಾ' ಎಂದರೆ ಸಾಕು!

ಅದೇ ನೋಟ್‌ಬುಕ್ಕಿನ ಕೊನೆಯ ಪುಟಗಳು ಈಗ ಸಂದರ್ಶನಗಳಿಗೆ. ಹೊರಗೆ ಬಂದ ತಕ್ಷಣ, ಫಲಿತಾಂಶ ಬರುವ ಮೊದಲೇ, ಕೇಳಿದ ಪ್ರಶ್ನೆಗಳು, ಯಾವುದಕ್ಕೆ ಸಲೀಸಾಗಿ ಉತ್ತರಿಸಿದೆವು, ಎಲ್ಲಿ ತಡವರಿಸಿದೆವು ಎಂದು ಬರೆಯಬೇಕು. ಫಲಿತಾಂಶ ತಿಳಿದ ಮೇಲೆ ನೆನಪೂ ಬಣ್ಣ ಬದಲಾಯಿಸುತ್ತದೆ. ಗೆದ್ದವನಿಗೆ ಎಲ್ಲಾ ಚೆನ್ನಾಗಿ ಹೇಳಿದಂತೆ, ಸೋತವನಿಗೆ ಏನೂ ಹೇಳಲೇ ಇಲ್ಲವೆಂಬಂತೆ ಅನ್ನಿಸುತ್ತದೆ. ನಾಲ್ಕೈದು ಸಂದರ್ಶನಗಳ ಪುಟಗಳನ್ನು ಒಟ್ಟಿಗೆ ಇಟ್ಟು ಓದಿದರೆ ಮಾತ್ರ ನಿಜವಾದ ಕೊರತೆ ಯಾವುದು, ಆ ದಿನದ ದುರದೃಷ್ಟ ಯಾವುದು ಎಂದು ಬೇರೆ ಮಾಡಬಹುದು.

ಗೆಲುವನ್ನು ಸಂಭ್ರಮಿಸಿ, ಅದಕ್ಕೇನೂ ಅಡ್ಡಿಯಿಲ್ಲ. ಅಂಧೇರಿಯಲ್ಲಿ ಚೆಟ್ರಿ ತಲೆ ಕೊಟ್ಟ ಆ ಗೋಲು ಇಂದಿಗೂ ಮೈ ಜುಮ್ಮೆನಿಸುತ್ತದೆ. ಆದರೆ 'ಯಾಕೆ ಗೆದ್ದೆವು' ಎಂದು ಯಾರಾದರೂ ಕೇಳಿದರೆ ಉತ್ತರಿಸಲು ಅವಸರ ಬೇಡ. ಮುಂದಿನ ಪಂದ್ಯ ಮುಗಿಯಲಿ.

– ಬಿ.ಇ. ವಿದ್ಯಾರ್ಥಿ, ಗೋಕಾಕ ಫಾಲ್ಸ್