ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಅರ್ಧವಿರಾಮದ ತೊಡಕು

1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಸಂಸ್ಥೆಗಾಗಿ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಹೇಳಿಕೆಯ ಕೊನೆಯ ಅರ್ಧವಿರಾಮ ಬಹುಮಟ್ಟಿಗೆ ಐಚ್ಛಿಕ. ಬಿಟ್ಟೆಡೆ ಭಾಷೆಯೇ ಅದನ್ನು ಊಹಿಸಿಕೊಳ್ಳುತ್ತದೆ. ತೊಡಕಿರುವುದು ಈ ಔದಾರ್ಯದಲ್ಲಿಯೇ. ‘ರಿಟರ್ನ್’ ಎಂದು ಬರೆದು, ಹಿಂದಿರುಗಿಸಬೇಕಾದ ಮೊತ್ತವನ್ನು ಮುಂದಿನ ಸಾಲಿಗೆ ಇಳಿಸಿದರೆ, ಆ ಪದದ ಬೆನ್ನಿಗೇ ವಿರಾಮ ಬಿದ್ದಂತಾಗಿ, ಮೊತ್ತದ ಬದಲು ‘ಅನ್‌ಡಿಫೈನ್ಡ್’ ಎಂಬ ಬೆಲೆಯಿಲ್ಲದ ಬೆಲೆ ಹೊರಬರುತ್ತದೆ. ದೋಷಸೂಚನೆ ಬಾರದಿರುವುದರಿಂದ ಲೆಕ್ಕ ಕೆಟ್ಟುದು ಬಹಳ ತಡವಾಗಿ ತಿಳಿಯಬಹುದು. ಇದಕ್ಕೆ ವಿರುದ್ಧವಾಗಿ, ವಿರಾಮವಿಲ್ಲದ ಸಾಲಿನ ಕೆಳಗೆ ಆವರಣಚಿಹ್ನೆಯಿಂದ ಮೊದಲಾಗುವ ಸಾಲಿದ್ದರೆ ಎರಡೂ ಬೆಸೆದುಕೊಳ್ಳುತ್ತವೆ. ಪದಗಳನ್ನು ಬಿಡಿಸದೆ ಬರೆದ ತಾಳೆಗರಿಯನ್ನು ಓದುಗನು ಅರ್ಥವರಿತು ಬಿಡಿಸಿಕೊಳ್ಳುತ್ತಾನೆ. ಯಂತ್ರವು ಅರಿತಿರುವುದು ನಿಯಮವನ್ನಷ್ಟೇ. ಎರಡನೆಯ ತೊಡಕಿಗೆ ಅರ್ಧವಿರಾಮವನ್ನು ತಪ್ಪದೆ ಹಾಕುವುದೇ ಪರಿಹಾರ. ಮೊದಲನೆಯದಕ್ಕೆ ಅದೂ ಸಾಲದು; ಮೊತ್ತವು ‘ರಿಟರ್ನ್’ ಇರುವ ಸಾಲಿನಲ್ಲಿಯೇ ಆರಂಭವಾಗಬೇಕು.